ಅಕ್ವೇರಿಯಂ ನೀರು ಹಳ್ಳಕ್ಕೆ ಸಲ್ಲದು

“ಮೀನು ಬದುಕಿದ್ದ ನೀರು ತಾನೆ, ಹಳ್ಳಕ್ಕೆ ಬಿಟ್ಟರೆ ಏನು ಮಹಾ ಅನರ್ಥವಾದೀತು?” ಮಲೆನಾಡಿನ ಮನೆಗಳಲ್ಲಿ, ಹೋಂಸ್ಟೇಗಳ ಜಗಲಿಗಳಲ್ಲಿ ಇಂದು ಈ ಮಾತು ತೀರ ಸಹಜವೆಂಬಂತೆ ಕೇಳಿಬರುತ್ತಿದೆ. ಒಂದು ಕಾಲಕ್ಕೆ ಪೇಟೆಯ ಕೆಲವೇ ಮನೆಗಳಲ್ಲಿ ಗಾಜಿನ ಬೋಗುಣಿಯಾಗಿದ್ದ ಅಕ್ವೇರಿಯಂ ಈಗ ಆರಡಿ ಉದ್ದದ ತೊಟ್ಟಿಯಾಗಿ ಬೆಳೆದು ಹಳ್ಳಿಯ ನಡುಮನೆಯನ್ನೂ ಹೊಕ್ಕಿದೆ. ಅದು ಹೊಕ್ಕದ್ದರ ಬಗ್ಗೆ ಈ ಲೇಖನಕ್ಕೆ ತಕರಾರಿಲ್ಲ. ಜೀವಿಗಳನ್ನು ಹತ್ತಿರದಿಂದ ನೋಡಬೇಕೆಂಬ ಆಸೆ ಗೌರವಕ್ಕೆ ಅರ್ಹವಾದುದೇ. ತಕರಾರಿರುವುದು ಆ ತೊಟ್ಟಿಯಿಂದ ವಾರಕ್ಕೊಮ್ಮೆ ಹೊರಬರುವ ನೀರು ಹಿಡಿಯುತ್ತಿರುವ ದಾರಿಯ ಬಗ್ಗೆ. ನೀರನ್ನು ಬದಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬದಲಿಸಿದ ನೀರಿನ ಒಂದು ಹನಿಯೂ ಹಳ್ಳಕ್ಕಾಗಲಿ, ಕೆರೆಗಾಗಲಿ, ಹಳ್ಳವನ್ನು ಕೂಡುವ ಚರಂಡಿಗಾಗಲಿ ಸೇರಕೂಡದು. ಅದು ಮಣ್ಣನ್ನು ಸೇರಬೇಕು. ಇವೆರಡನ್ನೂ ಪಾಲಿಸಲಾರದವರು ದೊಡ್ಡ ಅಕ್ವೇರಿಯಂ ಇಡುವ ಹವ್ಯಾಸವನ್ನೇ ಬಿಡುವುದು ಲೇಸು.

ಬದಲಾವಣೆ ಏಕೆ ತಪ್ಪದು?

ಮೊದಲು ತೊಟ್ಟಿಯ ಒಳಗಿನ ಲೆಕ್ಕವನ್ನು ನೋಡೋಣ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಯ ಗಾತ್ರ 24 ಘನ ಅಡಿ. ಎಂದರೆ ಸುಮಾರು 680 ಲೀಟರ್. ಕಲ್ಲು, ಮರಳು, ಮೇಲಿನ ಖಾಲಿ ಜಾಗಗಳನ್ನು ಕಳೆದರೆ 600 ಲೀಟರ್ ನೀರು ಹಿಡಿಯುತ್ತದೆ ಎನ್ನೋಣ. ಈ ನೀರು ಎಲ್ಲಿಂದಲೂ ಹರಿದು ಬರುವುದಿಲ್ಲ, ಎಲ್ಲಿಗೂ ಹರಿದು ಹೋಗುವುದಿಲ್ಲ. ಮೀನು ತಿಂದ ಆಹಾರದ ಪ್ರೋಟೀನಿನಲ್ಲಿದ್ದ ಸಾರಜನಕದ ಬಹುಪಾಲು ಕಿವಿರುಗಳ ಮೂಲಕ ಅಮೋನಿಯವಾಗಿ ಈ ನೀರಿಗೇ ಬರುತ್ತದೆ. ಅಮೋನಿಯ ಮೀನಿಗೆ ವಿಷ. ಮರಳಿನಲ್ಲೂ ಫಿಲ್ಟರಿನ ಸ್ಪಂಜಿನಲ್ಲೂ ನೆಲೆಸಿದ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿಯೂ, ಅನಂತರ ಅಷ್ಟೇನೂ ಅಪಾಯಕಾರಿಯಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನಮ್ಮ ತೋಟದ ಮಣ್ಣಿನಲ್ಲಿ ಯೂರಿಯ ಗೊಬ್ಬರಕ್ಕೆ ಆಗುವುದೂ ಇದೇ. ಈ ಕ್ರಿಯೆಯನ್ನು ನಡೆಸುವ ಮಣ್ಣಿನ ಬ್ಯಾಕ್ಟೀರಿಯಗಳನ್ನು ವಿಜ್ಞಾನಿ ಸೆರ್ಗೈ ವಿನೊಗ್ರಾದ್‌ಸ್ಕಿ 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದರು. ಎರಡೂ ಹಂತಗಳನ್ನು ಒಂಟಿಯಾಗಿಯೇ ಪೂರೈಸಬಲ್ಲ ಬ್ಯಾಕ್ಟೀರಿಯಗಳೂ ಉಂಟೆಂದು 2015ರಲ್ಲಿ ತಿಳಿದುಬಂತು. ಅದನ್ನು ತೋರಿಸಿದ ಸಂಶೋಧನೆಗಳಲ್ಲೊಂದು ನಡೆದದ್ದು ಮೀನುಸಾಕಣೆಯ ಫಿಲ್ಟರಿನಿಂದ ತೆಗೆದ ಬ್ಯಾಕ್ಟೀರಿಯಗಳ ಮೇಲೆಯೇ.

ಫಿಲ್ಟರು ವಿಷವನ್ನು ಮಾರ್ಪಡಿಸುತ್ತದೆ, ಹೊರಹಾಕುವುದಿಲ್ಲ. ನೈಟ್ರೇಟ್ ಕೂಡುತ್ತಲೇ ಹೋಗುತ್ತದೆ. ದಟ್ಟವಾಗಿ ಗಿಡ ಬೆಳೆಸಿದ ತೊಟ್ಟಿಯಲ್ಲಿ ಗಿಡಗಳು ಅದರ ಒಂದು ಪಾಲನ್ನು ಹೀರಬಲ್ಲವು. ಮೀನು ತುಂಬಿದ ತೊಟ್ಟಿಯಲ್ಲಿ ಅದು ಸಾಲದು. ವಾರಕ್ಕೆ ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್ ಸೇರುವ ತೊಟ್ಟಿಯೊಂದನ್ನು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ವಾರಕ್ಕೆ ನೂರಕ್ಕೆ 25 ಭಾಗ ನೀರು ಬದಲಿಸಿದರೆ ನೈಟ್ರೇಟ್ 40 ಮಿಲಿಗ್ರಾಂಗೆ ಬಂದು ನಿಲ್ಲುತ್ತದೆ, ಅದಕ್ಕಿಂತ ಏರದು. ನೂರಕ್ಕೆ 10 ಭಾಗ ಮಾತ್ರ ಬದಲಿಸಿದರೆ ಅದು 100ರವರೆಗೂ ಏರುತ್ತದೆ. ಏನೂ ಬದಲಿಸದಿದ್ದರೆ ಅದಕ್ಕೆ ಮೇಲ್ಮಿತಿಯೇ ಇಲ್ಲ. ವಾರಕ್ಕೆ ಸೇರುವ ಪ್ರಮಾಣವನ್ನು ಬದಲಿಸುವ ಪಾಲಿನಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ಹೈಸ್ಕೂಲು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. “ನೀರು ಬದಲಿಸುವ ಅಗತ್ಯವೇ ಇಲ್ಲ” ಎಂದು ಪೇಟೆಯಲ್ಲಿ ಮಾರುವ ಬಾಟಲಿಗಳು ಈ ಭಾಗಾಕಾರಕ್ಕೆ ಉತ್ತರ ಕೊಡಲಾರವು.

ಆವಿಯಾದಷ್ಟನ್ನು ತುಂಬಿದರೆ ಸಾಕೆಂದು ನಂಬಿರುವವರೂ ಇದ್ದಾರೆ. ಆವಿಯಾಗುವುದು ನೀರು ಮಾತ್ರ. ಲವಣವೂ ನೈಟ್ರೇಟೂ ತೊಟ್ಟಿಯಲ್ಲೇ ಉಳಿಯುತ್ತವೆ. ಹೀಗೆ ತುಂಬುತ್ತಾ ಹೋದರೆ ತೊಟ್ಟಿ ಸಣ್ಣದೊಂದು ಉಪ್ಪಿನ ಪಾತಿಯಾಗುತ್ತದೆ.

ಒಂದೇ ದಿನ ಪೂರ್ತಿ ಬದಲಿಸುವ ದುಡುಕು

ಇದಕ್ಕೆ ವಿರುದ್ಧವಾದ ಅಪಚಾರವೂ ಉಂಟು. ಆರು ತಿಂಗಳು ತೊಟ್ಟಿಯ ಕಡೆ ತಿರುಗಿಯೂ ನೋಡದೆ, ಹಬ್ಬದ ಹಿಂದಿನ ದಿನ ಎಲ್ಲ ನೀರನ್ನೂ ಹೊರಚೆಲ್ಲಿ, ಮರಳನ್ನು ಸೋಪು ಹಾಕಿ ತೊಳೆದು, ಹೊಸ ನೀರು ತುಂಬುವುದು. ಮರುದಿನ ಮೀನುಗಳು ಮಗುಚಿ ತೇಲುತ್ತವೆ. “ನೀರು ಬದಲಿಸಿದ್ದೇ ತಪ್ಪಾಯಿತು” ಎಂಬ ತೀರ್ಪು ಹೊರಬೀಳುತ್ತದೆ.

ನಡೆದದ್ದು ಬೇರೆ. ನಮ್ಮ ಜಂಬಿಟ್ಟಿಗೆ ನೆಲದ ಬಾವಿ ಮತ್ತು ಅಬ್ಬಿಗಳ ನೀರು ಬಹುಮಟ್ಟಿಗೆ ಮೆದು. ಅದರಲ್ಲಿ ಆಮ್ಲವನ್ನು ತಡೆದು ನಿಲ್ಲಿಸುವ ಕ್ಷಾರೀಯತೆ ಕಡಿಮೆ. ಅಮೋನಿಯವನ್ನು ನೈಟ್ರೇಟ್ ಆಗಿಸುವ ಕ್ರಿಯೆಯಲ್ಲಿ ಆಮ್ಲ ಹುಟ್ಟುತ್ತದೆ. ಅಮೋನಿಯ ರೂಪದ 1 ಮಿಲಿಗ್ರಾಂ ಸಾರಜನಕ ನೈಟ್ರೇಟ್ ಆಗುವಾಗ, ಸುಣ್ಣದ ಕಾರ್ಬೊನೇಟಿನ ಲೆಕ್ಕದಲ್ಲಿ ಸುಮಾರು 7 ಮಿಲಿಗ್ರಾಂ ಕ್ಷಾರೀಯತೆ ವ್ಯಯವಾಗುತ್ತದೆ. ನೀರು ಬದಲಿಸದ ತೊಟ್ಟಿಯಲ್ಲಿ ಕ್ಷಾರೀಯತೆ ತೀರಿ ಪಿಎಚ್ ಕುಸಿಯುತ್ತದೆ. ಬ್ಯಾಕ್ಟೀರಿಯಗಳ ಕೆಲಸ ನಿಧಾನವಾಗುತ್ತದೆ. ತ್ಯಾಜ್ಯ ಅಮೋನಿಯಮ್ ರೂಪದಲ್ಲಿ ಸಂಗ್ರಹವಾಗುತ್ತದೆ. ಆಮ್ಲೀಯ ನೀರಿನಲ್ಲಿ ಅಮೋನಿಯಮ್ ಅಷ್ಟಾಗಿ ಬಾಧಿಸದು. ಅದರೊಳಕ್ಕೆ ಕೊಳವೆಬಾವಿಯ ಗಡುಸು ನೀರನ್ನು ಒಮ್ಮೆಲೆ ಸುರಿದಾಗ ಪಿಎಚ್ ಏರಿ, ಉಳಿದ ಅಮೋನಿಯಮ್ ವಿಷಕಾರಿ ಅಮೋನಿಯವಾಗಿ ತಿರುಗುತ್ತದೆ. ಎಲ್ಲ ನೀರನ್ನೂ ಬರಿದು ಮಾಡಿ ತುಂಬಿದಾಗಲಾದರೋ ಪಿಎಚ್, ಲವಣ, ಉಷ್ಣತೆಗಳ ಹಠಾತ್ ಏರುಪೇರೇ ಮೀನಿಗೆ ಮಾರಕ. ಸೋಪಿನಿಂದ ಬ್ಯಾಕ್ಟೀರಿಯಗಳೂ ಸತ್ತಿರುತ್ತವೆ. ಮೀನುಗಳನ್ನು ಕೊಂದದ್ದು ಆರು ತಿಂಗಳ ಅಲಕ್ಷ್ಯ ಮತ್ತು ಒಂದು ದಿನದ ದುಡುಕು.

ಆದ್ದರಿಂದ ವಾರಕ್ಕೊಮ್ಮೆ ಕಾಲುಭಾಗ, 150 ಲೀಟರ್, ಎಂಬುದು ದೊಡ್ಡ ತೊಟ್ಟಿಯ ಯಜಮಾನನಿಗೆ ತಕ್ಕ ನೇಮ. ಮರಳಿನ ಮೇಲಿನ ಕಸವನ್ನು ಕೊಳವೆಯಿಂದ ಹೀರಿ ತೆಗೆಯಬೇಕು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯದೆ, ತೆಗೆದ ಹಳೆಯ ನೀರಿನಲ್ಲಿಯೇ ಹಿಂಡಬೇಕು. ಬ್ಯಾಕ್ಟೀರಿಯಗಳ ಮನೆ ಅದು. ಮಳೆಗಾಲದಲ್ಲಿ ಎರಡು ಮೂರು ದಿನ ವಿದ್ಯುತ್ ಹೋಗುವುದು ನಮ್ಮಲ್ಲಿ ಹೊಸದಲ್ಲ. ನಿಂತ ಫಿಲ್ಟರಿನೊಳಗಿನ ನೀರು ಆಮ್ಲಜನಕವಿಲ್ಲದೆ ಕೊಳೆಯುತ್ತದೆ. ವಿದ್ಯುತ್ ಬಂದೊಡನೆ ಅದನ್ನು ಹಾಗೆಯೇ ಚಾಲೂ ಮಾಡದೆ, ಬಿಚ್ಚಿ ತೊಳೆದು, ತೊಟ್ಟಿಯ ಒಂದು ಪಾಲು ನೀರನ್ನು ಬದಲಿಸಿ ಮುಂದುವರಿಯಬೇಕು.

ಹೊಸ ನೀರು ಎಲ್ಲಿಂದ?

ವಾರಕ್ಕೆ 150 ಲೀಟರ್ ಎಂದರೆ ವರ್ಷಕ್ಕೆ 7,800 ಲೀಟರ್. ಜುಲೈಯಲ್ಲಿ ಇದು ಲೆಕ್ಕಕ್ಕಿಲ್ಲದ ಮಾತು. ಏಪ್ರಿಲ್‌ನಲ್ಲಿ ಹಾಗಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಆಗುಂಬೆಯ ಸೀಮೆ ಸೇರಿದಂತೆ ಘಟ್ಟದ ಊರುಗಳಲ್ಲೇ ಬೇಸಿಗೆಯಲ್ಲಿ ಬಾವಿಯ ತಳ ಕಾಣುವುದನ್ನು ನಾವೆಲ್ಲ ಬಲ್ಲೆವು. ಕೆಳಗಿನ ಕೇರಿಗೆ ಟ್ಯಾಂಕರ್ ಬರುತ್ತಿರುವಾಗ ಮೇಲಿನ ಮನೆಯ ತೊಟ್ಟಿಗೆ ನೀರು ಸುರಿದು, ತೆಗೆದ ನೀರನ್ನು ಚರಂಡಿಗೆ ಬಿಡುವುದನ್ನು ಹವ್ಯಾಸವೆಂದು ಕರೆಯಲಾಗದು. ಅದು ನೆರೆಯವರಿಗೆ ಮಾಡುವ ಅಪಮಾನ.

ಇದರ ಮೇಲೆ ಆರ್‌ಒ ಯಂತ್ರದ ವ್ಯಾಮೋಹ ಬೇರೆ. ಮೀನಿಗೆ “ಶುದ್ಧ” ನೀರು ಬೇಕೆಂದು ಅಂಗಡಿಯವರು ಹೇಳುತ್ತಾರೆ. ಮನೆಬಳಕೆಯ ಆರ್‌ಒ ಯಂತ್ರ ಒಂದು ಲೀಟರ್ ನೀರು ಕೊಡಲು ಸಾಮಾನ್ಯವಾಗಿ ಎರಡು ಮೂರು ಲೀಟರ್ ನೀರನ್ನು ಹೊರಚೆಲ್ಲುತ್ತದೆ. ಒಟ್ಟು ಕರಗಿದ ಘನವಸ್ತುಗಳು ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆಯಿರುವಲ್ಲಿ ಆರ್‌ಒ ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಕೇಂದ್ರ ಪರಿಸರ ಸಚಿವಾಲಯಕ್ಕೆ ನಿರ್ದೇಶನ ನೀಡಿತ್ತು. ನಮ್ಮ ಅಬ್ಬಿಯ ನೀರು ಸಾಮಾನ್ಯವಾಗಿ ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಮೆದು ನೀರಿನ ನಾಡಿನಲ್ಲಿ ನೀರನ್ನು ಮೆದು ಮಾಡುವ ಯಂತ್ರವನ್ನು ಮಾರುವವರ ಜಾಣ್ಮೆಯನ್ನು ಮೆಚ್ಚಬೇಕು. ಕೊಳ್ಳುವವರ ಬಗ್ಗೆ ಏನು ಹೇಳೋಣ? ಪಂಚಾಯಿತಿಯ ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದ ಪಾತ್ರೆಯಲ್ಲಿ ಇಟ್ಟರೆ ಸಾಕು. ಕ್ಲೋರಮೀನ್ ಬಳಸುವ ಊರುಗಳಲ್ಲಿ ಮಾತ್ರ ಅದು ಹಾಗೆ ಹಾರಿಹೋಗದು, ಔಷಧಿ ಬೇಕಾಗುತ್ತದೆ. ಮಳೆಗಾಲದಲ್ಲಿ ಚಾವಣಿಯ ನೀರನ್ನು ಹಿಡಿದಿಟ್ಟುಕೊಂಡರೆ ತೊಟ್ಟಿಯ ಅರ್ಧ ವರ್ಷದ ಅಗತ್ಯ ಅಲ್ಲಿಯೇ ನೀಗುತ್ತದೆ. ಮಳೆನೀರು ಅತಿ ಮೆದುವಾದ್ದರಿಂದ ಅದನ್ನು ಬಾವಿಯ ನೀರಿನೊಡನೆ ಬೆರೆಸಿ ಬಳಸಬೇಕು, ಅಷ್ಟೇ.

ಹಳೆಯ ನೀರಿನೊಡನೆ ಹೋಗುವವರು

ಈಗ ಮುಖ್ಯ ವಿಷಯಕ್ಕೆ ಬರೋಣ. ತೊಟ್ಟಿಯಿಂದ ಹೊರಬರುವ 150 ಲೀಟರ್ ಬರಿಯ ನೀರಲ್ಲ. ಕಣ್ಣಿಗೆ ಬೀಳದ ಗಪ್ಪಿಯ ಮರಿಗಳು, ಬಸವನಹುಳುವಿನ ಮೊಟ್ಟೆಗಳು, ಒಂದು ಅಂಗುಲದ ಗಿಡದ ತುಂಡು, ರೋಗಾಣು, ಔಷಧಿಯ ಶೇಷ, ಎಲ್ಲವೂ ಕೊಳವೆಯ ಮೂಲಕ ಹೊರಬರುತ್ತವೆ. ತೊಟ್ಟಿ ಮೀರಿ ಬೆಳೆದ ಮೀನನ್ನು “ಪಾಪ, ಬದುಕಿಕೊಳ್ಳಲಿ” ಎಂದು ಬಕೆಟ್ಟಿನೊಡನೆಯೇ ಹಳ್ಳಕ್ಕೆ ಬಿಡುವ ಕರುಣಾಳುಗಳೂ ಇದ್ದಾರೆ.

ಈ ಕರುಣೆಯ ಫಲವೇನೆಂದು ನೋಡಲು ಪಕ್ಕದ ಕೇರಳಕ್ಕೆ ಹೋದರೆ ಸಾಕು. ಕೋಳಿಕ್ಕೋಡ್ ಜಿಲ್ಲೆಯ ಪೇರಾಂಬ್ರದ ಬಳಿಯ ಆವಳ ಪಾಂಡಿಯಲ್ಲಿ 2020ರಲ್ಲಿ ತೋಡಿನ ತುಂಬ ಗುಲಾಬಿ ಹೂ ಅರಳಿತು. ನೋಡಲು ಜನ ಮುಗಿಬಿದ್ದರು. ಆ ಹೂ ದಕ್ಷಿಣ ಅಮೆರಿಕ ಮೂಲದ ಕಬೊಂಬ ಎಂಬ ಅಕ್ವೇರಿಯಂ ಗಿಡದ್ದು. ಕಾಂಡದ ಒಂದು ತುಂಡಿನಿಂದ ಇಡೀ ತೋಡನ್ನು ತುಂಬಬಲ್ಲ ಗಿಡ ಅದು. ಪ್ರವಾಸಿಗರು ಚಿತ್ರ ತೆಗೆದುಕೊಂಡದ್ದು ತೋಡೊಂದರ ರೋಗಲಕ್ಷಣವನ್ನು. 2018ರ ಆಗಸ್ಟ್ ಪ್ರವಾಹದ ನಂತರ ಕೇರಳದ ನದಿಗಳಲ್ಲಿ ಅಮೆಜಾನ್ ಮೂಲದ ಅರಪೈಮಾ, ಅಮೆರಿಕದ ಅಲಿಗೇಟರ್ ಗಾರ್ ಮುಂತಾದ ದೈತ್ಯ ಮೀನುಗಳು ಬೆಸ್ತರ ಬಲೆಗೆ ಬಿದ್ದವು. ಸಾಕಿದ ಕೊಳ, ತೊಟ್ಟಿಗಳನ್ನು ಮೀರಿ ಬಂದವು ಅವು.

ನಮ್ಮ ಪೇಟೆಗಳಲ್ಲೂ “ಸಕ್ಕರ್” ಎಂಬ ಹೆಸರಿನಲ್ಲಿ ಹೆಬ್ಬೆರಳುದ್ದದ ಮೀನೊಂದು ಮಾರಾಟಕ್ಕಿದೆ. ಗಾಜಿಗೆ ಅಂಟಿದ ಪಾಚಿಯನ್ನು ತಿನ್ನುತ್ತದೆ ಎಂಬುದು ಅದರ ಖ್ಯಾತಿ. ದಕ್ಷಿಣ ಅಮೆರಿಕ ಮೂಲದ ಈ ಮೀನು ಒಂದಡಿಗೂ ಮೀರಿ ಬೆಳೆಯುತ್ತದೆ. ಮೈಮೇಲೆ ಮೂಳೆಯ ಫಲಕಗಳ ಕವಚ. ಗಾಳಿಯನ್ನು ನುಂಗಿ ಉಸಿರಾಡಬಲ್ಲ ಶಕ್ತಿ. ದಂಡೆಯಲ್ಲಿ ಬಿಲ ತೋಡಿ ಮೊಟ್ಟೆ ಕಾಯುವ ರೂಢಿ. ಭಾರತದ ಹಲವು ರಾಜ್ಯಗಳ ಕೆರೆ, ನದಿಗಳಲ್ಲಿ ಇದು ಈಗಾಗಲೇ ನೆಲೆಯೂರಿದೆ. ನಮ್ಮ ಹಳ್ಳಗಳ ಬಂಡೆಗೆ ಅಂಟಿಕೊಂಡು ಪಾಚಿ ಮೇಯುವ ಗಾರಾ ಕುಲದ ಪುಟ್ಟ ಮೀನುಗಳಿಗೆ ಇಂಥ ಪಾಲುದಾರ ಬಂದರೆ ಉಳಿಯುವುದೇನು?

ಪಶ್ಚಿಮಘಟ್ಟದ ಹಳ್ಳಗಳು ಸಾಮಾನ್ಯ ಜಲಮೂಲಗಳಲ್ಲ. ಇಲ್ಲಿನ ಎಷ್ಟೋ ಮೀನುಗಳು ಜಗತ್ತಿನ ಬೇರೆಲ್ಲಿಯೂ ಇಲ್ಲ. 1865ರಲ್ಲಿ ಫ್ರಾನ್ಸಿಸ್ ಡೇ ವಿವರಿಸಿದ, ಇಂದು “ಮಿಸ್ ಕೇರಳ” ಎಂಬ ಹೆಸರಿನಲ್ಲಿ ಜಗತ್ತಿನ ಅಕ್ವೇರಿಯಂಗಳನ್ನು ಅಲಂಕರಿಸುವ ಕೆಂಪು ಗೀರಿನ ಮೀನು ಈ ಘಟ್ಟದ್ದೇ. ಅದರ ಕುಲಕ್ಕೆ 2013ರಲ್ಲಿ ಸಹ್ಯಾದ್ರಿಯ ಹೆಸರನ್ನೇ ಇಡಲಾಯಿತು. ಹಿಡಿದು ಮಾರುವ ಭರಾಟೆಯೂ ಸೇರಿ ಅದು ಅಳಿವಿನಂಚಿನ ಪಟ್ಟಿಯನ್ನು ಸೇರಿದೆ. ನಮ್ಮ ಮೀನು ಅವರ ತೊಟ್ಟಿಗೆ, ಅವರ ಮೀನು ನಮ್ಮ ಹಳ್ಳಕ್ಕೆ: ಇದಕ್ಕಿಂತ ನಷ್ಟದ ವ್ಯಾಪಾರ ಇನ್ನೊಂದಿದೆಯೇ?

ಆಕ್ಷೇಪಗಳಿಗೆ ಉತ್ತರ

“ಅಷ್ಟು ದೊಡ್ಡ ಹಳ್ಳಕ್ಕೆ ನಮ್ಮ ಹತ್ತು ಬಕೆಟ್ ನೀರು ಯಾವ ಲೆಕ್ಕ?” ಎನ್ನುತ್ತಾರೆ. ಜನವರಿಯಿಂದ ಮೇವರೆಗೆ ಹಳ್ಳವೆಂದರೆ ಅಲ್ಲಲ್ಲಿ ಉಳಿದ ಗುಂಡಿಗಳ ಸಾಲು. ಆ ಗುಂಡಿಗಳಲ್ಲಿಯೇ ಇಡೀ ಹಳ್ಳದ ಮೀನು ಮುಂದಿನ ಮಳೆಗಾಗಿ ಜೀವ ಹಿಡಿದುಕೊಂಡಿರುತ್ತದೆ. ರೋಗವಾಗಲಿ, ಔಷಧಿಯಾಗಲಿ ಅಲ್ಲಿಗೆ ಬಿದ್ದರೆ ತಪ್ಪಿಸಿಕೊಳ್ಳಲು ಎಡೆಯೆಲ್ಲಿ?

“ಪೇಟೆಯ ಕೊಳಚೆಯೆಲ್ಲ ನದಿಗೇ ಹೋಗುತ್ತಿದೆ, ನಮ್ಮ ಬಕೆಟ್ಟನ್ನೇಕೆ ಹಿಡಿಯುತ್ತೀರಿ?” ಎಂಬುದು ಇನ್ನೊಂದು ವಾದ. ಕೊಳಚೆಯನ್ನು ಪ್ರಶ್ನಿಸಬೇಕು, ಪ್ರಶ್ನಿಸುತ್ತಲೂ ಇದ್ದೇವೆ. ಆದರೆ ಎರಡರ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಕೊಳಚೆಯನ್ನು ನಿಲ್ಲಿಸಿದರೆ ಹರಿಯುವ ನೀರು ಕಾಲಕ್ರಮದಲ್ಲಿ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ರಾಸಾಯನಿಕ ಹರಿದಂತೆ ತೆಳುವಾಗುತ್ತದೆ. ಜೀವಿ ಹರಿದಂತೆ ಹೆಚ್ಚುತ್ತದೆ. ಸಂತಾನ ಹೂಡಿದ ಪರಕೀಯ ಮೀನನ್ನು ನದಿಯಿಂದ ಮರಳಿ ಕರೆಯುವ ಉಪಾಯ ಯಾರಲ್ಲಿಯೂ ಇಲ್ಲ. ಬ್ರೆಜಿಲ್ ಮೂಲದ ಸಾಲ್ವೀನಿಯ ಎಂಬ ತೇಲುಗಿಡ ಕೇರಳದ ಗದ್ದೆ, ಹಿನ್ನೀರುಗಳನ್ನು ಮುಚ್ಚಿದಾಗ, ಅದರ ತವರಿನ ಸೊಂಡಿಲ ಕೀಟವೊಂದನ್ನು ತರಿಸಬೇಕಾಯಿತು. 1980ರ ದಶಕದಲ್ಲಿ ಬೆಂಗಳೂರಿನ ನೈದಿಲೆ ಕೊಳವೊಂದರಲ್ಲಿ ಅದನ್ನು ಬಿಟ್ಟು ಪರೀಕ್ಷಿಸಿ, ಕೇರಳದಲ್ಲೂ ಬಳಸಲಾಯಿತು. ಅದು ಫಲಿಸಿದ್ದು ಅದೃಷ್ಟ. ಪ್ರತಿಯೊಂದು ಅವಿವೇಕಕ್ಕೂ ಇಂಥ ಕೀಟ ಸಿಗುವುದಿಲ್ಲ.

“ಮೀನಿಗೂ ಸ್ವಾತಂತ್ರ್ಯ ಬೇಡವೇ?” ಎಂದು ಕೇಳುವವರು ಶೃಂಗೇರಿಯ ತುಂಗೆಯ ದಡದಲ್ಲೋ ಶಿಶಿಲದ ಕಪಿಲೆಯ ದಡದಲ್ಲೋ ಒಂದು ಗಳಿಗೆ ನಿಲ್ಲಲಿ. ಅಲ್ಲಿ ಹಿರಿಯರು ಮೀನನ್ನು ಮನೆಗೆ ತರದೆ, ಹೊಳೆಯನ್ನೇ ಅಭಯಸ್ಥಾನ ಮಾಡಿದರು. ಆ ಹೊಳೆಗಳಿಗೆ ಇಳಿಯುವ ಹಳ್ಳಗಳ ಮೇಲ್ತುದಿಯಲ್ಲಿ ನಾವಿದ್ದೇವೆ. ಅಂಗಡಿಯ ಮೀನನ್ನು ಅಂಗಡಿಗೆ ಹಿಂದಿರುಗಿಸಬಹುದು, ಸಾಕಬಲ್ಲ ಇನ್ನೊಬ್ಬರಿಗೆ ಕೊಡಬಹುದು. ಹೊಳೆಗೆ ಬಿಡುವುದು ಪುಣ್ಯಕಾರ್ಯವಲ್ಲ.

ಮಣ್ಣಿಗೆ ಕೊಡುವ ಬಗೆ

ಹಾಗಾದರೆ 150 ಲೀಟರ್ ನೀರನ್ನು ಏನು ಮಾಡುವುದು? ಉತ್ತರ ನಮ್ಮ ಮನೆಯ ಕೆಳಗೇ ಇದೆ. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ನೀರು ಬೇಕು. ಎಂದರೆ ತೊಟ್ಟಿಯ ಒಂದು ವಾರದ ಬದಲಾವಣೆ ಒಂದು ಮರದ ಒಂದು ವಾರದ ನೀರು. ಲೀಟರಿಗೆ 40 ಮಿಲಿಗ್ರಾಂ ನೈಟ್ರೇಟ್ ಇದ್ದರೆ ವರ್ಷದ 7,800 ಲೀಟರಿನಲ್ಲಿ ಸುಮಾರು 70 ಗ್ರಾಂ ಸಾರಜನಕವಿರುತ್ತದೆ. ಫಲ ಕೊಡುವ ಅಡಿಕೆ ಮರಕ್ಕೆ ಶಿಫಾರಸಾಗಿರುವ ವರ್ಷದ ಸಾರಜನಕ 100 ಗ್ರಾಂ. ದೊಡ್ಡ ಅಕ್ವೇರಿಯಂ ಒಂದು ಅಡಿಕೆ ಮರವನ್ನು ಹೆಚ್ಚುಕಡಿಮೆ ಸಾಕಬಲ್ಲದು. ಅದಕ್ಕಿಂತ ಹೆಚ್ಚಿನ ಗೊಬ್ಬರದ ಮಹಿಮೆಯನ್ನು ಅದಕ್ಕೆ ಹೊರಿಸುವುದು ಬೇಡ. ಹಳ್ಳದಲ್ಲಿ ಪಾಚಿಯನ್ನು ಬೆಳೆಸುವ ಅದೇ ನೈಟ್ರೇಟ್ ಮಣ್ಣಿನಲ್ಲಿ ಬೇರಿಗೆ ಆಹಾರವಾಗುತ್ತದೆ.

ಮಲೆನಾಡಿನಲ್ಲಿ ಸಾಮಾನ್ಯವಾಗಿ ಮನೆ ಮೇಲೆ, ತೋಟ ಕೆಳಗೆ. ಪಂಪು ಬೇಡ, ಉದ್ದನೆಯ ಕೊಳವೆಯಿದ್ದರೆ ನೀರು ತಾನಾಗಿ ಇಳಿಯುತ್ತದೆ. ಆದರೆ ಕೊಳವೆಯ ತುದಿ ತೋಟದ ಬಸಿಗಾಲುವೆಯಲ್ಲಿರಕೂಡದು, ಏಕೆಂದರೆ ಬಸಿಗಾಲುವೆ ಹಳ್ಳಕ್ಕೇ ಹೋಗುತ್ತದೆ. ನೀರನ್ನು ಒತ್ತಾದ ಬಟ್ಟೆಯಲ್ಲಿ ಸೋಸಿ, ಹಳ್ಳದಿಂದಲೂ ಬಾವಿಯಿಂದಲೂ ದೂರದ ಮರದ ಬುಡದ ಪಾತಿಗೆ ಬಿಡಬೇಕು. ಬಟ್ಟೆಯಲ್ಲಿ ಉಳಿದ ಗಿಡದ ತುಂಡು, ಹುಳುಗಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿಯೇ ಗೊಬ್ಬರದ ಗುಂಡಿಗೆ ಹಾಕಬೇಕು. ಮಳೆಗಾಲದಲ್ಲಿ ನೆಲ ನೀರನ್ನು ಹೀರದು. ಸುರಿದದ್ದೆಲ್ಲ ಮೇಲೆಯೇ ಹರಿಯುತ್ತದೆ. ಆಗ ಚಾವಣಿಯ ಕೆಳಗಿನ ಇಂಗುಗುಂಡಿಯೊಂದು ಬೇಕು.

ಎರಡು ಎಚ್ಚರಿಕೆಗಳಿವೆ. ರೋಗಕ್ಕೆಂದು ಉಪ್ಪು ಹಾಕಿದ ನೀರನ್ನು ಗಿಡದ ಬುಡಕ್ಕೆ ಹಾಕಬಾರದು. ಸಮುದ್ರದ ಮೀನಿನ ತೊಟ್ಟಿಯ ನೀರಂತೂ ಯಾವ ಮಣ್ಣಿಗೂ ಸಲ್ಲದು, ಮಲೆನಾಡಿನಲ್ಲಿ ಅಂಥ ತೊಟ್ಟಿಯೇ ಸಲ್ಲದು. ಮೈಲುತುತ್ತ, ಮ್ಯಾಲಕೈಟ್ ಗ್ರೀನ್, ಆಂಟಿಬಯೋಟಿಕ್ ಹಾಕಿದ ನೀರನ್ನು ಮೊದಲು ಇದ್ದಿಲ ಫಿಲ್ಟರಿನಲ್ಲಿ ಹಾಯಿಸಿ, ತಿನ್ನುವ ಬೆಳೆಯಿಲ್ಲದ ಕಡೆ ಇಂಗಿಸಬೇಕು. ಮೈಲುತುತ್ತವೆಂದರೆ ಕೊಳೆರೋಗಕ್ಕೆ ನಾವು ಸಿಂಪಡಿಸುವುದೇ. ಅದು ಜಲಚರಗಳಿಗೆ ಎಷ್ಟು ಘೋರವೆಂದು ಸಿಂಪಡಣೆಯ ಡ್ರಮ್ಮನ್ನು ಹಳ್ಳದಲ್ಲಿ ತೊಳೆದವರಿಗೆ ಗೊತ್ತು.

ಆಗಬೇಕಾದದ್ದು

ಇದು ಒಬ್ಬೊಬ್ಬರ ಮನಸ್ಸಾಕ್ಷಿಗೆ ಬಿಟ್ಟ ವಿಷಯವೆಂದು ಸುಮ್ಮನಿರಲಾಗದು. ಹಳ್ಳ ಊರಿನದು. 2002ರ ಜೀವವೈವಿಧ್ಯ ಕಾಯಿದೆಯ 41ನೇ ವಿಧಿಯಂತೆ ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಹಲವೆಡೆ ಅದು ಕಾಗದದ ಮೇಲೆ ಮಾತ್ರ ಇದೆ. ಆ ಸಮಿತಿಗೆ ಈ ಕೆಲಸವನ್ನು ಕೊಡೋಣ: ಊರಿನಲ್ಲಿ ಎಷ್ಟು ದೊಡ್ಡ ತೊಟ್ಟಿಗಳಿವೆ, ಅವುಗಳಲ್ಲಿ ಯಾವ ಜಾತಿಯ ಮೀನು, ಗಿಡಗಳಿವೆ, ತೆಗೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ದಾಖಲಾಗಲಿ. ವಿದ್ಯಾರ್ಥಿಗಳು ಬೇಸಿಗೆ ರಜೆಯಲ್ಲಿ ಒಂದೊಂದು ಹಳ್ಳದ ಮೇಲ್ತುದಿಯಿಂದ ಕೆಳತುದಿಯವರೆಗೆ ನಡೆದು ಈ ಲೆಕ್ಕವನ್ನು ತೆಗೆಯಬಲ್ಲರು. ಹೋಂಸ್ಟೇಗಳಿಗೂ ರೆಸಾರ್ಟುಗಳಿಗೂ ಪಂಚಾಯಿತಿ ಅನುಮತಿ ನೀಡುವಾಗ, ತೊಟ್ಟಿಯಿದ್ದರೆ ಇಂಗುಗುಂಡಿ ಕಡ್ಡಾಯವೆಂಬ ಷರತ್ತು ಬರಲಿ. ಮೀನಿನ ಅಂಗಡಿಗಳು ತಾವು ಮಾರಿದ, ಬೆಳೆದು ದೊಡ್ಡದಾದ ಮೀನನ್ನು ಹಿಂದಕ್ಕೆ ಪಡೆಯಲಿ. ಮುಂದಿನ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ “ಅಕ್ವೇರಿಯಂ ನೀರು ಮತ್ತು ನಮ್ಮ ಹಳ್ಳ” ಎಂಬ ಒಂದು ಸಾಲು ಸೇರುವಂತೆ ಈಗಲೇ ಅರ್ಜಿ ಕೊಡಿ. ಅರ್ಜಿಗೆ ಹತ್ತು ಸಹಿ ಸಾಕು. ಆ ಹತ್ತರಲ್ಲಿ ಒಂದೆರಡಾದರೂ ಮನೆಯಲ್ಲಿ ತೊಟ್ಟಿ ಇಟ್ಟುಕೊಂಡವರದ್ದಾಗಿರಲಿ.